ಗ್ಯಾರಡೋಸ್‌ನ ಬಲ ಎಲ್ಲಿ, ಪೆಟ್ಟು ಎಲ್ಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಕೆಮಾನ್ ವಿಡಿಯೋ ಗೇಮ್ ಆಡುವವರಲ್ಲಿ ಗ್ಯಾರಡೋಸ್ ಅನ್ನುವ ಪೋಕೆಮಾನ್ (ಆಟದಲ್ಲಿ ಕಾದಾಡುವ ಜೀವಿ) ವಿಷಯಕ್ಕೆ ಎರಡು ಗುಂಪು. "ಒಂದು ಥಂಡರ್‌ಬೋಲ್ಟ್ ಬಿದ್ದರೆ ಕಥೆ ಮುಗೀತು, ಇದು ಯಾಕೆ ಬೇಕು" ಅನ್ನುವವರು ಒಂದು ಕಡೆ (ಥಂಡರ್‌ಬೋಲ್ಟ್ ಒಂದು ಎಲೆಕ್ಟ್ರಿಕ್ ಮೂವ್, ಅಂದರೆ ಪಂದ್ಯದಲ್ಲಿ ಬಳಸುವ ವರಸೆ). "ಒಂದೇ ಒಂದು ಡ್ರಾಗನ್ ಡ್ಯಾನ್ಸ್ ಹಾಕೋಕೆ ಬಿಡಿ, ಆಮೇಲೆ ನೋಡಿ" ಅನ್ನುವವರು ಇನ್ನೊಂದು ಕಡೆ (ಡ್ರಾಗನ್ ಡ್ಯಾನ್ಸ್ ಅಟ್ಯಾಕ್ ಮತ್ತು ಸ್ಪೀಡ್ ಒಂದೊಂದು ಹಂತ ಏರಿಸುವ ಮೂವ್). ಇಬ್ಬರೂ ಹೇಳುವುದು ನಿಜವೇ. ಯಾರ ಮಾತು ಗೆಲ್ಲುತ್ತದೆ ಅನ್ನುವುದು ನೀವು ಅದನ್ನು ಯಾವಾಗ ಕಣಕ್ಕೆ ಇಳಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಕೆಳಗಿನ ಲೆಕ್ಕಗಳೆಲ್ಲ ಲೆವೆಲ್ 50ಕ್ಕೆ ಹಾಕಿದ್ದು, ಏಕೆಂದರೆ ಈಗಿನ ಆನ್‌ಲೈನ್ ರ‍್ಯಾಂಕ್ಡ್ ಪಂದ್ಯಗಳು ನಡೆಯುವುದು ಆ ಲೆವೆಲ್‌ನಲ್ಲಿ.

ಇದು ಡ್ರಾಗನ್ ಟೈಪ್ ಅಲ್ವಾ?

ಅಲ್ಲ. ಇದರ ಟೈಪ್ (ಪೋಕೆಮಾನ್ ಮತ್ತು ಮೂವ್‌ಗಳ ಜಾತಿ, ಯಾವುದಕ್ಕೆ ಎಷ್ಟು ಪೆಟ್ಟು ಅನ್ನುವುದು ಇದರ ಮೇಲೆ) ವಾಟರ್ ಮತ್ತು ಫ್ಲೈಯಿಂಗ್. ನೋಡೋಕೆ ಡ್ರಾಗನ್, ಹಾಕುವುದು ಡ್ರಾಗನ್ ಡ್ಯಾನ್ಸ್, ಮೊಟ್ಟೆ ಗುಂಪಿನಲ್ಲೂ (ಯಾವುದರ ಜೊತೆ ಮರಿ ಮಾಡಬಹುದು ಅನ್ನುವ ವರ್ಗ) ಡ್ರಾಗನ್ ಇದೆ, ಮೊದಲ ಗೇಮ್‌ನಿಂದಲೇ ಡ್ರಾಗನ್ ತರಬೇತುದಾರ ಲ್ಯಾನ್ಸ್ ಇದನ್ನು ಟೀಮಿನಲ್ಲಿ ಇಟ್ಟುಕೊಂಡಿದ್ದಾನೆ. ಆದರೂ ಟೈಪ್ ಮಾತ್ರ ಡ್ರಾಗನ್ ಅಲ್ಲ. ಇನ್ನೊಂದು ತಮಾಷೆ ಏನೆಂದರೆ, ಫ್ಲೈಯಿಂಗ್ ಟೈಪ್ ಆಗಿದ್ದರೂ ಇದಕ್ಕೆ ಫ್ಲೈ ಅನ್ನುವ ಮೂವ್ ಕಲಿಯೋಕೆ ಬರಲ್ಲ.

ಹಾಗಾಗಿ ಐಸ್ ಅಥವಾ ಫೇರಿ ಮೂವ್ ಹೊಡೆದು "ಡ್ರಾಗನ್ ಸಾಯಬೇಕಿತ್ತಲ್ಲ" ಅಂದುಕೊಂಡರೆ ಅದು ಸಾಯಲ್ಲ. ಎರಡೂ ಸಾಮಾನ್ಯ ಪೆಟ್ಟು ಅಷ್ಟೇ.

ಸರಿ, ಹಾಗಾದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಎಲೆಕ್ಟ್ರಿಕ್ 4 ಪಟ್ಟು, ರಾಕ್ 2 ಪಟ್ಟು. ಟೈಪ್ ಪಟ್ಟಿಯಲ್ಲಿ ವೀಕ್‌ನೆಸ್ ಇಷ್ಟೇ. ವಾಟರ್‌ಗೂ ಕರೆಂಟ್ ಆಗಲ್ಲ, ಫ್ಲೈಯಿಂಗ್‌ಗೂ ಆಗಲ್ಲ, ಅದಕ್ಕೇ ಎರಡೆರಡಲ ನಾಲ್ಕು.

ಗ್ರೌಂಡ್ ತಾಕುವುದೇ ಇಲ್ಲ. ಫೈರ್, ವಾಟರ್, ಫೈಟಿಂಗ್, ಬಗ್, ಸ್ಟೀಲ್ ಎಲ್ಲ ಅರ್ಧ. ಗ್ರಾಸ್ ವಿಷಯದಲ್ಲಿ ಹೊಸಬರು ಎಡವುತ್ತಾರೆ. ವಾಟರ್ ಟೈಪ್‌ಗೆ ಗ್ರಾಸ್ ಹೊಡೆತ ಜಾಸ್ತಿ, ಆದರೆ ಫ್ಲೈಯಿಂಗ್ ಅದನ್ನು ಅರ್ಧ ಮಾಡುತ್ತದೆ, ಕೊನೆಗೆ ಸಾಮಾನ್ಯ ಪೆಟ್ಟು. ಐಸ್ ಕೂಡ ಇದೇ ಲೆಕ್ಕ, ತಿರುಗಿಸಿ ಹಾಕಿದ್ದು ಅಷ್ಟೇ.

ಒಂದು ಮೂವ್ ಮಾತ್ರ ಈ ಲೆಕ್ಕವನ್ನು ಮುರಿಯುತ್ತದೆ, ಫ್ರೀಜ್-ಡ್ರೈ. 2013ರ ಎಕ್ಸ್ ಮತ್ತು ವೈ ಗೇಮ್‌ಗಳಲ್ಲಿ ಬಂದದ್ದು. ಐಸ್ ಮೂವ್ ಆದರೂ ವಾಟರ್ ಟೈಪ್‌ಗೆ ಇದು 2 ಪಟ್ಟು, ಫ್ಲೈಯಿಂಗ್‌ಗೆ ಹೇಗೂ 2 ಪಟ್ಟು, ಒಟ್ಟು 4. ಎದುರುಗಡೆ ಲಾಪ್ರಾಸ್ ಅಥವಾ ಅಲೋಲಾದ ನೈನ್‌ಟೇಲ್ಸ್ ನಿಂತಿದ್ದರೆ "ಐಸ್ ತಾನೇ, ನಡೆಯುತ್ತೆ" ಅಂತ ಗ್ಯಾರಡೋಸ್‌ನನ್ನು ಒಳಗೆ ಕಳಿಸಬೇಡಿ.

4 ಪಟ್ಟು ಅಂದರೆ ನಿಜಕ್ಕೂ ಎಷ್ಟು ಪೆಟ್ಟು? ವಾಕನ್ ಬೆರ್ರಿ ಕೊಟ್ಟರೆ ಉಳಿಯುತ್ತಾ?

ಲೆಕ್ಕ ಹಾಕಿಯೇ ನೋಡೋಣ. ಪೆಟ್ಟು ಎರಡು ಬಗೆ: ಫಿಸಿಕಲ್ ಪೆಟ್ಟಿಗೆ ಅಟ್ಯಾಕ್ ಮತ್ತು ಡಿಫೆನ್ಸ್ ಲೆಕ್ಕ, ಸ್ಪೆಷಲ್ ಪೆಟ್ಟಿಗೆ ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೆಷಲ್ ಡಿಫೆನ್ಸ್ ಲೆಕ್ಕ. ಎದುರಿಗೆ ಝಾಪ್‌ಡೋಸ್, ಅದರ ಸ್ಪೆಷಲ್ ಅಟ್ಯಾಕ್‌ಗೆ ಪೂರ್ತಿ ಇವಿ (ತರಬೇತಿಯಿಂದ ಸೇರಿಸುವ ಅಂಕಿ) ಹಾಕಿದ್ದಾರೆ, ನೇಚರ್ (ಒಂದು ಅಂಕಿ ಏರಿಸಿ ಇನ್ನೊಂದು ಇಳಿಸುವ ಸ್ವಭಾವ) ಸ್ಪೀಡ್ ಏರಿಸುವ ಟಿಮಿಡ್. ನಮ್ಮ ಗ್ಯಾರಡೋಸ್ ಅಟ್ಯಾಕ್ ಮತ್ತು ಸ್ಪೀಡ್‌ಗೆ ಇವಿ ಸುರಿದು ಉಳಿದ 4 ಇವಿಯನ್ನು ಎಚ್‌ಪಿಗೆ (ಜೀವದ ಅಂಕಿ) ಹಾಕಿದ್ದು, ಅಂದರೆ ಎಚ್‌ಪಿ 171. ಥಂಡರ್‌ಬೋಲ್ಟ್ ಬಿದ್ದರೆ ಆಗುವ ಡ್ಯಾಮೇಜ್ 304ರಿಂದ 360. ಹೆಚ್ಚುಕಡಿಮೆ ಎರಡು ಸಲ ಸಾಯಿಸುವಷ್ಟು. ಇದರ ಸ್ಪೆಷಲ್ ಡಿಫೆನ್ಸ್ ಬೇಸ್ (ಆ ಜಾತಿಗೆ ನಿಗದಿಯಾದ ಮೂಲ ಅಂಕಿ) 100, ಅದೇನು ಕಡಿಮೆ ಅಲ್ಲ, ಆದರೂ ಇಷ್ಟು.

ವಾಕನ್ ಬೆರ್ರಿ ಒಂದು ಸಲಕ್ಕೆ ಎಲೆಕ್ಟ್ರಿಕ್ ಪೆಟ್ಟನ್ನು ಅರ್ಧ ಮಾಡುತ್ತದೆ. ಆಗ 152ರಿಂದ 180. ನಾಲ್ಕರಲ್ಲಿ ಮೂರು ಸಲ ಉಳಿಯುತ್ತದೆ. ಉಳಿದು ತಿರುಗಿ ಸ್ಟೋನ್ ಎಡ್ಜ್ ಹೊಡೆದಾಗ ಎದುರಾಳಿಯ ಮುಖ ನೋಡಬೇಕು. ಆದರೆ ಇದೆಲ್ಲ ಎಚ್‌ಪಿ ತುಂಬಿದ್ದರೆ ಮಾತ್ರ. ಒಳಗೆ ಬರುವಾಗಲೇ ಸ್ಟೆಲ್ತ್ ರಾಕ್ (ಎದುರಾಳಿ ಮೊದಲೇ ಹಾಸಿಟ್ಟ ಚೂಪು ಕಲ್ಲು) ಚುಚ್ಚಿ 42 ಹೋಗಿದ್ದರೆ ಬೆರ್ರಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಸ್ಟೆಲ್ತ್ ರಾಕ್ ಅಷ್ಟೊಂದು ತಲೆನೋವಾ?

ಹೌದು. ನನ್ನ ಕೇಳಿದರೆ ಎಲೆಕ್ಟ್ರಿಕ್‌ಗಿಂತ ಇದೇ ದೊಡ್ಡ ತಲೆನೋವು. ಎಲೆಕ್ಟ್ರಿಕ್ ಪೋಕೆಮಾನ್ ಎದುರಿಗೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ, ಅದನ್ನು ಮೊದಲು ಬೇರೆಯವರ ಕೈಯಲ್ಲಿ ಹೊಡೆಸಬಹುದು. ಸ್ಟೆಲ್ತ್ ರಾಕ್ ಒಂದು ಸಲ ಬಿತ್ತು ಅಂದರೆ ಗ್ಯಾರಡೋಸ್ ಒಳಗೆ ಬಂದಾಗಲೆಲ್ಲ ಎಚ್‌ಪಿಯ ಕಾಲು ಭಾಗ ಹೋಗುತ್ತದೆ. ಇಂಟಿಮಿಡೇಟ್ ಅನ್ನುವ ಎಬಿಲಿಟಿ (ತಾನಾಗಿ ಕೆಲಸ ಮಾಡುವ ಗುಣ) ಇರುವ ಪೋಕೆಮಾನ್‌ನ ಕೆಲಸವೇ ಒಳಗೆ ಹೊರಗೆ ಓಡಾಡಿ ಎದುರಾಳಿಯ ಅಟ್ಯಾಕ್ ಇಳಿಸುವುದು. ಪ್ರತಿ ಸಲ 42 ಎಚ್‌ಪಿ ಕೊಟ್ಟು ಓಡಾಡೋಕೆ ಆಗುತ್ತಾ? ಅದರ ಮೇಲೆ ಇದಕ್ಕೆ ರೂಸ್ಟ್ ಥರದ ಚೇತರಿಕೆ ಮೂವ್ ಇಲ್ಲ. ಇರುವುದು ರೆಸ್ಟ್, ಅದಕ್ಕೆ ಎರಡು ಟರ್ನ್ ನಿದ್ದೆ ಮಾಡಬೇಕು.

ಸ್ಟೆಲ್ತ್ ರಾಕ್ ಬಂದದ್ದು 2006ರ ಡೈಮಂಡ್ ಮತ್ತು ಪರ್ಲ್‌ನಲ್ಲಿ. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಹೆವಿ-ಡ್ಯೂಟಿ ಬೂಟ್ಸ್ ಬರುವ ತನಕ, ಕಲ್ಲು ಗುಡಿಸುವ ಪೋಕೆಮಾನ್ ಒಂದನ್ನು ಜೊತೆಗೆ ಇಟ್ಟುಕೊಳ್ಳುವುದೇ ದಾರಿ. ಬೂಟ್ಸ್ ಇದ್ದರೆ ಕಲ್ಲು ತಾಕಲ್ಲ, ಆದರೆ ಒಂದೇ ವಸ್ತು ಹಿಡಿಯುವ ಐಟಂ ಜಾಗ ಹೋಯಿತು, ವಾಕನ್ ಬೆರ್ರಿಯೂ ಇಲ್ಲ, ಪೆಟ್ಟು ಜಾಸ್ತಿ ಮಾಡುವ ಲೈಫ್ ಆರ್ಬ್ ಕೂಡ ಇಲ್ಲ. ಆರು ಪೋಕೆಮಾನ್‌ಗಳ ಸಿಂಗಲ್ಸ್‌ನಲ್ಲಿ ನಾನು ಬೂಟ್ಸ್‌ಗೇ ಓಟು ಹಾಕುತ್ತೇನೆ. ಡಬಲ್ಸ್‌ನಲ್ಲಿ ಸ್ಟೆಲ್ತ್ ರಾಕ್ ಕಡಿಮೆ, ಅಲ್ಲಿ ಬೆರ್ರಿ ಸರಿ.

ಇಂಟಿಮಿಡೇಟ್ ಇಡಲಾ, ಮಾಕ್ಸಿ ಇಡಲಾ?

ಇಂಟಿಮಿಡೇಟ್ ಅಂದರೆ ಒಳಗೆ ಬಂದ ತಕ್ಷಣ ಎದುರಾಳಿಯ ಅಟ್ಯಾಕ್ ಮೂರರಲ್ಲಿ ಎರಡು ಪಾಲಿಗೆ ಇಳಿಯುವುದು. ಗ್ಯಾರಡೋಸ್‌ನ ಡಿಫೆನ್ಸ್ ಬೇಸ್ ಬರೀ 79. ಇಂಟಿಮಿಡೇಟ್ ಇರುವುದರಿಂದಲೇ ಅದು ಫಿಸಿಕಲ್ ಪೆಟ್ಟು ತಡೆದು ಡ್ರಾಗನ್ ಡ್ಯಾನ್ಸ್ ಹಾಕೋಕೆ ಸಮಯ ಮಾಡಿಕೊಳ್ಳುತ್ತದೆ. ರಾಕ್ ಮೂವ್‌ಗಳು ಹೆಚ್ಚಿನವು ಫಿಸಿಕಲ್, ಅಲ್ಲೂ ಸಹಾಯ. ಎಲೆಕ್ಟ್ರಿಕ್ ಮೂವ್‌ಗಳು ಹೆಚ್ಚಿನವು ಸ್ಪೆಷಲ್, ಅಲ್ಲಿ ಇಂಟಿಮಿಡೇಟ್ ಸುಮ್ನೆ ಅಲಂಕಾರ.

ಮಾಕ್ಸಿ ಹಿಡನ್ ಎಬಿಲಿಟಿ. ಒಂದು ಪೋಕೆಮಾನ್ ಬೀಳಿಸಿದರೆ ಅಟ್ಯಾಕ್ ಒಂದು ಹಂತ ಏರುತ್ತದೆ. ಪಂದ್ಯದ ಕೊನೆಗೆ, ಎದುರಾಳಿಯವರೆಲ್ಲ ಸುಸ್ತಾಗಿರುವಾಗ ಬಂದು ಗುಡಿಸಿ ಹಾಕೋಕೆ ಇದಕ್ಕಿಂತ ಚೆನ್ನಾಗಿರುವುದು ಕಮ್ಮಿ. ಆದರೆ ಮೊದಲ ಡ್ರಾಗನ್ ಡ್ಯಾನ್ಸ್ ಹಾಕುವಾಗ ಬೀಳುವ ಪೆಟ್ಟು ಪೂರ್ತಿ ಬೀಳುತ್ತದೆ.

ಮೊದಲ ಸಲ ಇಡುವವರು ಇಂಟಿಮಿಡೇಟ್ ಇಟ್ಟುಕೊಳ್ಳಿ. ಒಂದೇ ಎಚ್ಚರಿಕೆ: ಡಿಫೈಯಂಟ್ ಇರುವ ಕಿಂಗಂಬಿಟ್ ಎದುರಿಗೆ ಇಂಟಿಮಿಡೇಟ್ ಹಾಕಿದರೆ ಅದರ ಅಟ್ಯಾಕ್ ಒಂದು ಹಂತ ಇಳಿದು ಎರಡು ಹಂತ ಏರುತ್ತದೆ, ಅಂದರೆ ನಾವೇ ಕೈಯಾರೆ ಬಲ ಕೊಟ್ಟ ಹಾಗೆ. ಗಾರ್ಡ್ ಡಾಗ್ ಎಬಿಲಿಟಿಯದೂ ಇದೇ ಕಥೆ. ಕ್ಲಿಯರ್ ಬಾಡಿ, ಹೈಪರ್ ಕಟರ್, 2019ರ ನಂತರ ಇನ್ನರ್ ಫೋಕಸ್ ಮತ್ತು ಸ್ಕ್ರ್ಯಾಪಿ, ಇವುಗಳ ಮೇಲೆ ಇಂಟಿಮಿಡೇಟ್ ನಡೆಯುವುದೇ ಇಲ್ಲ.

ನೇಚರ್ ಜಾಲಿನಾ, ಅಡಮೆಂಟಾ?

ಇದಕ್ಕೆ ಜಗಳ ಮುಗಿಯಲ್ಲ. ಜಾಲಿ ಸ್ಪೀಡ್ ಏರಿಸುತ್ತದೆ, ಅಡಮೆಂಟ್ ಅಟ್ಯಾಕ್ ಏರಿಸುತ್ತದೆ. ಸ್ಪೀಡ್ ಬೇಸ್ 81. ಪೂರ್ತಿ ಇವಿ ಹಾಕಿ ಜಾಲಿ ಇಟ್ಟರೆ 146, ಒಂದು ಡ್ರಾಗನ್ ಡ್ಯಾನ್ಸ್ ಆದ ಮೇಲೆ 219. ಅಡಮೆಂಟ್ ಇಟ್ಟರೆ 133, ಡ್ಯಾನ್ಸ್ ಆದ ಮೇಲೆ 199.

ಈಗ ಎದುರಿಗೆ ಬರುವವರನ್ನು ನೋಡಿ. ಪೂರ್ತಿ ಸ್ಪೀಡ್ ಹಾಕಿದ ಝಾಪ್‌ಡೋಸ್ 167, ರಾಯ್ಕೂ 183. ಇಬ್ಬರನ್ನೂ ಅಡಮೆಂಟ್ ದಾಟುತ್ತದೆ. ಜೋಲ್ಟಿಯಾನ್? 200. ಬರೀ ಒಂದೇ ಒಂದು ಅಂಕಿಯಲ್ಲಿ ಅಡಮೆಂಟ್ ಗ್ಯಾರಡೋಸ್ ಹಿಂದೆ ಬೀಳುತ್ತದೆ, ಅದೂ ಎಲೆಕ್ಟ್ರಿಕ್ ಪೋಕೆಮಾನ್ ಎದುರಿಗೆ. ಡ್ರಾಗಾಪಲ್ಟ್ 213, ಜಾಲಿ ಇದ್ದರೆ ಅದನ್ನೂ ದಾಟಬಹುದು.

ಅಟ್ಯಾಕ್ ಬೇಸ್ 125. ಅಡಮೆಂಟ್‌ನಲ್ಲಿ 194, ಜಾಲಿಯಲ್ಲಿ 177. ವ್ಯತ್ಯಾಸ ಇದೆ, ಇಲ್ಲ ಅನ್ನಲ್ಲ. ಆದರೆ ಮೊದಲು ಹೊಡೆಯೋಕೆ ಆಗದಿದ್ದರೆ 194 ಇಟ್ಟುಕೊಂಡು ಏನು ಮಾಡೋದು? ನನ್ನ ಆಯ್ಕೆ ಜಾಲಿ. ಡೈನಾಮ್ಯಾಕ್ಸ್ (ಪೋಕೆಮಾನ್ ಕೆಲವು ಟರ್ನ್ ದೈತ್ಯ ರೂಪ ತಾಳುವುದು) ಇರುವ ಗೇಮ್‌ನಲ್ಲಿ ಮಾತ್ರ ಅಡಮೆಂಟ್, ಕಾರಣ ಮುಂದೆ ಹೇಳುತ್ತೇನೆ.

ಯಾವ ನಾಲ್ಕು ಮೂವ್ ಹಾಕಲಿ?

ಡ್ರಾಗನ್ ಡ್ಯಾನ್ಸ್ ಮತ್ತು ವಾಟರ್‌ಫಾಲ್ ಖಾಯಂ. ವಾಟರ್‌ಫಾಲ್ ಪವರ್ 80, ಗುರಿ ತಪ್ಪಲ್ಲ, ಐದರಲ್ಲಿ ಒಂದು ಸಲ ಎದುರಾಳಿ ಬೆದರಿ ಆ ಟರ್ನ್ ಕಳೆದುಕೊಳ್ಳುತ್ತದೆ. ಉಳಿದ ಎರಡು ಜಾಗಕ್ಕೆ ನೂಕುನುಗ್ಗಲು.

ಅರ್ಥ್‌ಕ್ವೇಕ್ ಇದ್ದರೆ ನೆಲದ ಮೇಲಿರುವ ಎಲೆಕ್ಟ್ರಿಕ್ ಪೋಕೆಮಾನ್‌ಗಳಿಗೆ ಉತ್ತರ ಸಿಗುತ್ತದೆ, ಟಾಕ್ಸಾಪೆಕ್ಸ್‌ಗೂ ಪೆಟ್ಟು. ಸ್ಟೋನ್ ಎಡ್ಜ್ ಝಾಪ್‌ಡೋಸ್‌ಗೆ, ಆದರೆ ಐದರಲ್ಲಿ ಒಂದು ಸಲ ಗುರಿ ತಪ್ಪುತ್ತದೆ, ಅದೂ ಬೇಕಾದ ಹೊತ್ತಲ್ಲೇ ತಪ್ಪುತ್ತದೆ ಅನ್ನುವುದು ಎಲ್ಲರ ಅನುಭವ. ಐಸ್ ಫ್ಯಾಂಗ್ ಡ್ರಾಗನ್‌ಗಳಿಗೆ. ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಪವರ್ ವಿಪ್ ಸಿಕ್ಕಿತು, ಪವರ್ 120. ಅಲ್ಲಿಯ ತನಕ ಗ್ಯಾರಡೋಸ್‌ನನ್ನು ನೋಡಿ ಹಾಯಾಗಿ ಒಳಗೆ ಬರುತ್ತಿದ್ದ ವಾಶ್ ರೋಟಮ್‌ಗೆ ಇದು 2 ಪಟ್ಟು, ಕ್ವಾಗ್‌ಸೈರ್‌ಗೆ 4 ಪಟ್ಟು.

ದೊಡ್ಡ ಕೊರತೆ ಏನೆಂದರೆ ಒಳ್ಳೆಯ ಫಿಸಿಕಲ್ ಫ್ಲೈಯಿಂಗ್ ಮೂವ್ ಇಲ್ಲ. ಇರುವುದು ಬೌನ್ಸ್. ಒಂದು ಟರ್ನ್ ಮೇಲಕ್ಕೆ ಹಾರಿ ಇನ್ನೊಂದು ಟರ್ನ್‌ನಲ್ಲಿ ಬೀಳುವುದು, ಅಷ್ಟರೊಳಗೆ ಎದುರಾಳಿ ಆರಾಮಾಗಿ ಪೋಕೆಮಾನ್ ಬದಲಿಸಿರುತ್ತಾನೆ. ಹರಿಕೇನ್ ಸ್ಪೆಷಲ್, ಇದರ ಸ್ಪೆಷಲ್ ಅಟ್ಯಾಕ್ 60, ಅದನ್ನು ಮರೆತುಬಿಡಿ.

ಟಾಂಟ್, ಸಬ್‌ಸ್ಟಿಟ್ಯೂಟ್, ಥಂಡರ್ ವೇವ್ ಇವೂ ನಡೆಯುತ್ತವೆ. ಟಾಂಟ್ ಇದ್ದರೆ ವಿಲ್-ಒ-ವಿಸ್ಪ್ (ಸುಟ್ಟಗಾಯ ಮಾಡುವುದು) ಮತ್ತು ವರ್ಲ್‌ವಿಂಡ್ (ಎದುರಿನವರನ್ನು ಹೊರಗೆ ತಳ್ಳುವುದು) ಹಾಕುವವರ ಬಾಯಿ ಮುಚ್ಚಿಸಬಹುದು.

ಹಳೇ ಗೇಮ್‌ಗಳಲ್ಲಿ ಇದು ಯಾಕೆ ಅಷ್ಟು ಮಂಕು?

ಹಳೇದರಲ್ಲೂ ಎಲ್ಲದರಲ್ಲೂ ಅಲ್ಲ. 1996ರ ಮೊದಲ ಗೇಮ್‌ಗಳಲ್ಲಿ ಸ್ಪೆಷಲ್ ಅನ್ನುವುದು ಒಂದೇ ಅಂಕಿ, ಗ್ಯಾರಡೋಸ್‌ಗೆ 100. ಹೈಡ್ರೋ ಪಂಪ್, ಬ್ಲಿಝಾರ್ಡ್, ಥಂಡರ್‌ಬೋಲ್ಟ್ ಎಲ್ಲ ಚೆನ್ನಾಗಿಯೇ ಹೊಡೆಯುತ್ತಿತ್ತು. 1999ರ ಗೋಲ್ಡ್ ಮತ್ತು ಸಿಲ್ವರ್‌ನಲ್ಲಿ ಸ್ಪೆಷಲ್ ಎರಡಾಗಿ ಒಡೆಯಿತು. ಡಿಫೆನ್ಸ್ ಪಾಲಿಗೆ 100 ಉಳಿಯಿತು, ಅಟ್ಯಾಕ್ ಪಾಲಿಗೆ 60 ಬಂತು. ಆಗ ಮೂವ್ ಫಿಸಿಕಲ್ಲಾ ಸ್ಪೆಷಲ್ಲಾ ಅನ್ನುವುದು ಟೈಪ್ ಮೇಲೆ ನಿರ್ಧಾರ ಆಗುತ್ತಿತ್ತು, ವಾಟರ್ ಅಂದರೆ ಎಲ್ಲವೂ ಸ್ಪೆಷಲ್. ಅಂದರೆ 125 ಅಟ್ಯಾಕ್ ಇಟ್ಟುಕೊಂಡ ವಾಟರ್ ಪೋಕೆಮಾನ್ ತನ್ನ ಸ್ವಂತ ಟೈಪ್ ಮೂವ್ ಹೊಡೆಯುವಾಗ 60ರ ಬಲದಲ್ಲಿ ಹೊಡೆಯಬೇಕು. ಎಂಥ ಅನ್ಯಾಯ ನೋಡಿ.

2002ರ ರೂಬಿ ಮತ್ತು ಸಫೈರ್ ಇಂಟಿಮಿಡೇಟ್ ಮತ್ತು ಡ್ರಾಗನ್ ಡ್ಯಾನ್ಸ್ ಕೊಟ್ಟವು. ಆಗ ಫ್ಲೈಯಿಂಗ್ ಫಿಸಿಕಲ್ ಆಗಿದ್ದರಿಂದ ಜನ ಹಿಡನ್ ಪವರ್ (ಪೋಕೆಮಾನ್‌ನಿಂದ ಪೋಕೆಮಾನ್‌ಗೆ ಟೈಪ್ ಬದಲಾಗುವ ಮೂವ್) ಫ್ಲೈಯಿಂಗ್ ಹುಡುಕಿ ಹುಡುಕಿ ಹಾಕುತ್ತಿದ್ದರು. 2006ರಲ್ಲಿ ಪ್ರತಿ ಮೂವ್‌ಗೂ ಬೇರೆ ಬೇರೆಯಾಗಿ ಫಿಸಿಕಲ್, ಸ್ಪೆಷಲ್ ಅಂತ ಹಂಚಿದರು, ವಾಟರ್‌ಫಾಲ್ ಫಿಸಿಕಲ್ ಆಯಿತು. ಈಗ ನಾವು ಹೆದರುವ ಗ್ಯಾರಡೋಸ್ ಹುಟ್ಟಿದ್ದು ಅಲ್ಲಿ. ಅದೇ ಗೇಮ್‌ನಲ್ಲಿ ಸ್ಟೆಲ್ತ್ ರಾಕ್ ಕೂಡ ಹುಟ್ಟಿತು ಅನ್ನುವುದು ಅದರ ಹಣೆಬರಹ.

ಮೆಗಾ ಗ್ಯಾರಡೋಸ್‌ಗೂ ಇವೇ ವೀಕ್‌ನೆಸ್ಸಾ?

ಅಲ್ಲ, ಪೂರ್ತಿ ಬೇರೆ. ಮೆಗಾ ಅಂದರೆ ಪಂದ್ಯದ ನಡುವೆ ತಾತ್ಕಾಲಿಕವಾಗಿ ಬಲವಾದ ರೂಪಕ್ಕೆ ಬದಲಾಗುವುದು. ಎಕ್ಸ್ ಮತ್ತು ವೈನಲ್ಲಿ ಬಂದ ಮೆಗಾ ರೂಪದ ಟೈಪ್ ವಾಟರ್ ಮತ್ತು ಡಾರ್ಕ್. ಎಲೆಕ್ಟ್ರಿಕ್ 4ರಿಂದ 2 ಪಟ್ಟಿಗೆ ಇಳಿಯುತ್ತದೆ, ರಾಕ್ ಸಾಮಾನ್ಯ ಆಗುತ್ತದೆ, ಸೈಕಿಕ್ ತಾಕುವುದಿಲ್ಲ. ಬದಲಿಗೆ ಗ್ರಾಸ್, ಫೈಟಿಂಗ್, ಬಗ್, ಫೇರಿ ನಾಲ್ಕೂ 2 ಪಟ್ಟು. ಗ್ರೌಂಡ್ ಕೂಡ ತಾಕುತ್ತದೆ. ಅಟ್ಯಾಕ್ 155, ಡಿಫೆನ್ಸ್ 109, ಸ್ಪೆಷಲ್ ಡಿಫೆನ್ಸ್ 130. ಸ್ಪೀಡ್ ಮಾತ್ರ ಅದೇ 81.

ಇದರ ಮಜಾ ಇರುವುದು ಎಬಿಲಿಟಿಯಲ್ಲಿ. ಮೋಲ್ಡ್ ಬ್ರೇಕರ್ ಎದುರಾಳಿಯ ಎಬಿಲಿಟಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ವಾಶ್ ರೋಟಮ್ ಲೆವಿಟೇಟ್ (ಗ್ರೌಂಡ್ ಮೂವ್ ತಾಕದಂತೆ ಮಾಡುವ ಎಬಿಲಿಟಿ) ನಂಬಿಕೊಂಡು ಅರ್ಥ್‌ಕ್ವೇಕ್ ಎದುರಿಗೆ ಬಂದರೆ ನೇರ 2 ಪಟ್ಟು ಬೀಳುತ್ತದೆ. ಅನ್‌ಅವೇರ್ ಇರುವ ಕ್ವಾಗ್‌ಸೈರ್ ನಿಮ್ಮ ಡ್ರಾಗನ್ ಡ್ಯಾನ್ಸ್‌ಗಳನ್ನು ಕಡೆಗಣಿಸೋಕೆ ಆಗಲ್ಲ.

ಆದರೆ ಯಾವಾಗ ಮೆಗಾ ಮಾಡುವುದು ಅನ್ನುವುದೇ ಆಟ. ಮೊದಲು ಮಾಮೂಲಿ ರೂಪದಲ್ಲಿ ಬಂದು ಇಂಟಿಮಿಡೇಟ್ ಹಾಕಿ, ಗ್ರೌಂಡ್ ಮತ್ತು ಫೈಟಿಂಗ್ ಮೂವ್‌ಗಳಿಗೆ ಮುಖ ಕೊಡಿ. ಎದುರಾಳಿ ಥಂಡರ್‌ಬೋಲ್ಟ್ ಒತ್ತುತ್ತಾನೆ ಅನ್ನಿಸಿದ ಟರ್ನ್‌ನಲ್ಲಿ ಮೆಗಾ ಮಾಡಿ. ಫೈಟಿಂಗ್ ಬರುತ್ತದೆ ಅನ್ನಿಸಿದರೆ ಮಾಡಬೇಡಿ. ಎದುರಾಳಿ ಎರಡರಲ್ಲಿ ಯಾವುದಕ್ಕೆ ಹೊಡೆಯಬೇಕು ಅಂತ ತಲೆ ಕೆರೆದುಕೊಳ್ಳುತ್ತಿರುತ್ತಾನೆ.

ಡೈನಾಮ್ಯಾಕ್ಸ್, ಟೆರಾ ಇವುಗಳಲ್ಲಿ ಯಾವುದು ಇದಕ್ಕೆ ಚೆನ್ನ?

ಡೈನಾಮ್ಯಾಕ್ಸ್‌ನಲ್ಲಿ ಬೌನ್ಸ್ ಮ್ಯಾಕ್ಸ್ ಏರ್‌ಸ್ಟ್ರೀಮ್ ಆಗುತ್ತದೆ. ಎರಡು ಟರ್ನ್ ಕಾಯುವುದು ಇಲ್ಲ, ಪವರ್ 130, ಹೊಡೆದ ಮೇಲೆ ಸ್ಪೀಡ್ ತಾನಾಗಿ ಏರುತ್ತದೆ. ಹತ್ತಾರು ವರ್ಷ ಇಲ್ಲದಿದ್ದ ಫ್ಲೈಯಿಂಗ್ ಮೂವ್ ಕೊನೆಗೂ ಸಿಕ್ಕಿತು. ಸ್ಪೀಡ್ ಹೀಗೆ ಬರುವುದರಿಂದಲೇ ಅಲ್ಲಿ ಅಡಮೆಂಟ್ ಅಂದದ್ದು.

2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ನ ಟೆರಾದಲ್ಲಿ ಟೈಪೇ ಬದಲಾಗುತ್ತದೆ. ಟೆರಾ ಗ್ರೌಂಡ್ ಮಾಡಿದರೆ ಎಲೆಕ್ಟ್ರಿಕ್ ತಾಕಲ್ಲ, ರಾಕ್ ಅರ್ಧ, ಅರ್ಥ್‌ಕ್ವೇಕ್‌ಗೂ ಬಲ ಬರುತ್ತದೆ. ಎದುರಾಳಿ ಖುಷಿಯಾಗಿ ಥಂಡರ್‌ಬೋಲ್ಟ್ ಒತ್ತಿದ ಟರ್ನ್‌ನಲ್ಲಿ ಇದನ್ನು ಮಾಡಿ ಡ್ರಾಗನ್ ಡ್ಯಾನ್ಸ್ ಹಾಕಿದರೆ ಪಂದ್ಯ ಅಲ್ಲೇ ತಿರುಗುತ್ತದೆ. ಆದರೆ ವಾಟರ್, ಗ್ರಾಸ್, ಐಸ್ ಹೊಸ ವೀಕ್‌ನೆಸ್ ಆಗುತ್ತವೆ. ಟೆರಾ ಫ್ಲೈಯಿಂಗ್ ಮಾಡಿ ಟೆರಾ ಬ್ಲಾಸ್ಟ್ ಹೊಡೆಯುವವರೂ ಇದ್ದಾರೆ. ಆಗಲೂ ಎಲೆಕ್ಟ್ರಿಕ್ 2 ಪಟ್ಟು ಬೀಳುತ್ತದೆ ಅನ್ನುವುದು ನೆನಪಿರಲಿ. ಟೆರಾ ಸ್ಟೀಲ್ ಕೂಡ ಪರವಾಗಿಲ್ಲ.

ಜೊತೆಗೆ ಯಾರನ್ನು ಇಟ್ಟುಕೊಳ್ಳಲಿ?

ಫೆರೋಥಾರ್ನ್ ಇರುವ ಗೇಮ್ ಆಗಿದ್ದರೆ ಯೋಚನೆಯೇ ಬೇಡ. ಗ್ಯಾರಡೋಸ್‌ಗೆ ಆಗದ ಎಲೆಕ್ಟ್ರಿಕ್ ಮತ್ತು ರಾಕ್ ಎರಡೂ ಫೆರೋಥಾರ್ನ್‌ಗೆ ಅರ್ಧ. ಫೆರೋಥಾರ್ನ್‌ಗೆ ಆಗದ ಫೈರ್ ಮತ್ತು ಫೈಟಿಂಗ್ ಎರಡೂ ಗ್ಯಾರಡೋಸ್‌ಗೆ ಅರ್ಧ. ಅತ್ತೆ ಸೊಸೆ ಹೊಂದಿಕೊಂಡ ಮನೆ ಥರ, ಹೊರಗಿನವರಿಗೆ ಒಳಗೆ ನುಗ್ಗೋಕೆ ಸಂದು ಸಿಗಲ್ಲ. ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ಫೆರೋಥಾರ್ನ್ ಇಲ್ಲ, ಅಲ್ಲಿ ಗಾರ್ಚಾಂಪ್ ಥರದ ಗ್ರೌಂಡ್ ಪೋಕೆಮಾನ್ ಇಡಿ. ಥಂಡರ್‌ಬೋಲ್ಟ್ ಬರುವ ಟರ್ನ್‌ನಲ್ಲಿ ಅದನ್ನು ಒಳಗೆ ಬಿಟ್ಟರೆ ಪೆಟ್ಟು ಸೊನ್ನೆ. ಅದಕ್ಕಿಂತ ದೊಡ್ಡ ಲಾಭ, ಹೀಗೆ ಎರಡು ಸಲ ಆದರೆ ಎದುರಾಳಿ ಥಂಡರ್‌ಬೋಲ್ಟ್ ಒತ್ತೋಕೇ ಹಿಂಜರಿಯುತ್ತಾನೆ.

ಡಬಲ್ಸ್‌ನಲ್ಲಿ ಲೈಟ್ನಿಂಗ್ ರಾಡ್ ಇರುವ ರಾಯ್ಚು ಅಥವಾ ಟೋಗೆಡೆಮಾರು ಪಕ್ಕದಲ್ಲಿದ್ದರೆ ಥಂಡರ್‌ಬೋಲ್ಟ್ ಥರ ಒಬ್ಬರಿಗೇ ಗುರಿಯಿಟ್ಟ ಎಲೆಕ್ಟ್ರಿಕ್ ಮೂವ್ ಆ ಕಡೆಗೆ ತಿರುಗುತ್ತದೆ.

ಎದುರಾಳಿ ಹತ್ತಿರ ಗ್ಯಾರಡೋಸ್ ಇದ್ದರೆ ಹೇಗೆ ನಿಲ್ಲಿಸಲಿ?

ಮೊದಲ ಡ್ರಾಗನ್ ಡ್ಯಾನ್ಸ್‌ಗೆ ಮುಂಚೆ ನಿಲ್ಲಿಸಿ. ಆಮೇಲೆ ಕಷ್ಟ, ಯಾಕೆಂದರೆ ಮೊದಲೇ ಹೊಡೆಯುವ ಮೂವ್‌ಗಳಲ್ಲಿ ಮಾಕ್ ಪಂಚ್, ಬುಲೆಟ್ ಪಂಚ್, ಆಕ್ವಾ ಜೆಟ್ ಎಲ್ಲ ಇದಕ್ಕೆ ಅರ್ಧ. ಎಕ್ಸ್‌ಟ್ರೀಮ್ ಸ್ಪೀಡ್, ಐಸ್ ಶಾರ್ಡ್ ಸಾಮಾನ್ಯ ಪೆಟ್ಟು, ಅದೂ ಸಾಲಲ್ಲ.

ಸ್ಟೆಲ್ತ್ ರಾಕ್ ಮೊದಲೇ ಹಾಕಿಡಿ. ನಿಮ್ಮ ಟೀಮಿನ ಎಲೆಕ್ಟ್ರಿಕ್ ಪೋಕೆಮಾನ್‌ನನ್ನು ಕಾಪಾಡಿಕೊಳ್ಳಿ, ಅದನ್ನು ಬೇರೆ ಯಾರ ಮೇಲೋ ಖರ್ಚು ಮಾಡಬೇಡಿ. ಗ್ಯಾರಡೋಸ್ ಬರುವ ದಾರಿ ಗೊತ್ತೇ ಇದೆ, ನಿಮ್ಮ ಗ್ರೌಂಡ್ ಅಥವಾ ಫೈರ್ ಮೂವ್ ನೋಡಿಕೊಂಡು ಒಳಗೆ ಬರುತ್ತದೆ. ಚಾಯ್ಸ್ ಬ್ಯಾಂಡ್ (ಅಟ್ಯಾಕ್ ಏರಿಸಿ ಒಂದೇ ಮೂವ್‌ಗೆ ಕಟ್ಟಿಹಾಕುವ ಐಟಂ) ಕಟ್ಟಿಕೊಂಡು ಅರ್ಥ್‌ಕ್ವೇಕ್‌ಗೆ ಸಿಕ್ಕಿಹಾಕಿಕೊಂಡ ಪೋಕೆಮಾನ್ ಅದಕ್ಕೆ ಹಬ್ಬದೂಟ. ವಿಲ್-ಒ-ವಿಸ್ಪ್ ತಾಕಿದರೆ ಫಿಸಿಕಲ್ ಪೆಟ್ಟು ಅರ್ಧ ಆಗುತ್ತದೆ. ಥಂಡರ್ ವೇವ್ ತಾಕಿದರೆ ಸ್ಪೀಡ್ ಹೋಯಿತು. ಡ್ಯಾನ್ಸ್ ಆಗಿಬಿಟ್ಟಿದ್ದರೆ ಏರಿದ ಹಂತಗಳನ್ನು ಅಳಿಸುವ ಹೇಝ್ ಅಥವಾ ವರ್ಲ್‌ವಿಂಡ್.

ಕಥೆ ಆಡುವಾಗ ಮ್ಯಾಜಿಕಾರ್ಪ್ ಸಾಕುವ ಕಷ್ಟ ಬೇಕಾ?

ಬೇಕು. ಗ್ಯಾರಡೋಸ್ ಆಗುವ ಮುಂಚಿನ ರೂಪ ಮ್ಯಾಜಿಕಾರ್ಪ್. ಅದರ ಆರೂ ಬೇಸ್ ಅಂಕಿ ಕೂಡಿದರೆ 200, ಲೆವೆಲ್ 20ರಲ್ಲಿ ಗ್ಯಾರಡೋಸ್ ಆದ ಮೇಲೆ 540. ಅಷ್ಟು ಬೇಗ ಅಷ್ಟು ಬಲ ಬೇರೆ ಯಾರೂ ಕೊಡಲ್ಲ. ಲೆವೆಲ್ 15ರ ತನಕ ಸ್ಪ್ಲ್ಯಾಶ್ ಬಿಟ್ಟು ಬೇರೆ ಏನೂ ಗೊತ್ತಿಲ್ಲ, ನಿಜ. ಕಾದಾಡದ ಪೋಕೆಮಾನ್‌ಗೂ ಅನುಭವದ ಅಂಕಿ ಹಂಚುವ ಎಕ್ಸ್‌ಪಿ ಶೇರ್ ಇದ್ದರೆ ಅದು ಲೆಕ್ಕಕ್ಕೇ ಇಲ್ಲ. ಎಲೆಕ್ಟ್ರಿಕ್ ಜಿಮ್ ಬಂದಾಗ ಮಾತ್ರ ಕೂರಿಸಿ: ಕಾಂಟೋದಲ್ಲಿ ಲೆಫ್ಟಿನೆಂಟ್ ಸರ್ಜ್, ಹೋಯೆನ್‌ನಲ್ಲಿ ವಾಟ್ಸನ್, ಸಿನ್ನೋದಲ್ಲಿ ವೋಕ್ನರ್. ಡೈಮಂಡ್ ಮತ್ತು ಪರ್ಲ್‌ನಲ್ಲಿ ವಾಟರ್ ಜಿಮ್‌ನ ಕ್ರ್ಯಾಷರ್ ವೇಕ್ ಮೊದಲು ಬಿಡುವುದೇ ಗ್ಯಾರಡೋಸ್, ನಿಮ್ಮ ಲಕ್ಸಿಯೋ ಸ್ಪಾರ್ಕ್ ಹೊಡೆದರೆ ಕೆಲಸ ಆಗುತ್ತದೆ.

ಪೋಕೆಮಾನ್ ಗೋದಲ್ಲೂ ಇದೇ ಲೆಕ್ಕನಾ?

ನಮ್ಮಲ್ಲಿ ಹೆಚ್ಚಿನವರು ಗ್ಯಾರಡೋಸ್ ನೋಡಿದ್ದೇ ಅಲ್ಲಿ, 2016ರ ಡಿಸೆಂಬರ್‌ನಲ್ಲಿ ಗೋ ಭಾರತಕ್ಕೆ ಬಂದಾಗ, ಮ್ಯಾಜಿಕಾರ್ಪ್ ಗ್ಯಾರಡೋಸ್ ಆಗೋಕೆ ಬೇಕಾದ 400 ಕ್ಯಾಂಡಿ ಕೂಡಿಸೋಕೆ ಕೆರೆ ಕೆರೆ ಸುತ್ತಿದವರು ಬಹಳ. ಟೈಪ್ ಅದೇ, ಅಂಕಿ ಬೇರೆ. ಎಲೆಕ್ಟ್ರಿಕ್ 2.56 ಪಟ್ಟು, ರಾಕ್ 1.6 ಪಟ್ಟು. ಗೋದಲ್ಲಿ ತಾಕುವುದೇ ಇಲ್ಲ ಅನ್ನುವುದು ಇಲ್ಲ, ಹಾಗಾಗಿ ಗ್ರೌಂಡ್ ಕೂಡ ಸ್ವಲ್ಪ ತಾಕುತ್ತದೆ. ಝೆಕ್ರಾಮ್, ರಾಯ್ಕೂ, ಎಲೆಕ್ಟಿವೈರ್ ಚೆನ್ನಾಗಿ ಹೊಡೆಯುತ್ತವೆ. ಆದರೆ ಎದುರಿನ ಗ್ಯಾರಡೋಸ್ ಹತ್ತಿರ ಡ್ರಾಗನ್ ಬ್ರೆತ್ ಇದ್ದರೆ ಝೆಕ್ರಾಮ್‌ಗೂ ನೋವಾಗುತ್ತದೆ, ಅದೂ ಡ್ರಾಗನ್ ತಾನೇ.

ಕೆಂಪು ಗ್ಯಾರಡೋಸ್‌ಗೆ ಬಲ ಜಾಸ್ತಿನಾ?

ಇಲ್ಲ. ಗೋಲ್ಡ್ ಮತ್ತು ಸಿಲ್ವರ್‌ನ ಲೇಕ್ ಆಫ್ ರೇಜ್‌ನಲ್ಲಿ ಲೆವೆಲ್ 30ರಲ್ಲಿ ಸಿಗುವ ಕೆಂಪು ಗ್ಯಾರಡೋಸ್ ಬರೀ ಶೈನಿ, ಅಂದರೆ ಅಪರೂಪದ ಬಣ್ಣದ್ದು ಅಷ್ಟೇ. ಆ ಗೇಮ್‌ಗಳಲ್ಲಿ ಹುಟ್ಟಿನಿಂದ ಬರುವ ಅಂಕಿಗಳು 15ರ ತನಕ ಹೋಗುತ್ತಿದ್ದವು, ಶೈನಿ ಆಗಬೇಕಾದರೆ ಡಿಫೆನ್ಸ್, ಸ್ಪೀಡ್, ಸ್ಪೆಷಲ್ ಮೂರೂ ಸರಿಯಾಗಿ 10 ಇರಬೇಕಿತ್ತು. ಹಾಗಾಗಿ ಅಲ್ಲಿ ಒಳ್ಳೆಯ ನೀಲಿ ಗ್ಯಾರಡೋಸ್ ಕೆಂಪಿನದಕ್ಕಿಂತ ಒಂಚೂರು ಮೇಲೆಯೇ. ರೂಬಿ ಮತ್ತು ಸಫೈರ್‌ನಿಂದ ಈಚೆಗೆ ಬಣ್ಣಕ್ಕೂ ಬಲಕ್ಕೂ ಸಂಬಂಧ ಇಲ್ಲ, ಯಾವ ಬಣ್ಣದ್ದು ಸಿಕ್ಕಿತೋ ಅದನ್ನೇ ಇಟ್ಟುಕೊಳ್ಳಿ.